ಒಂಬತ್ತು ಪೌಂಡಿನ ನನ್ನ ಮೀನು

ಊಟ ಮುಗಿಸಿ ಕೈ ತೊಳೆದುಕೊಂಡು ಬಂದವಳ ಮುಂದೆ ಯಾರೋ ಸ್ಟೀಲ್ ಡಬ್ಬಿ ಹಿಡಿದರು. ಸೋಂಪು. ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡೆ. ಬಾಯಿಗೆ ಹಾಕುವ ಮೊದಲೇ ವಾಸನೆ ಮೂಗಿಗೆ ಬಂತು, ನಿಂತಲ್ಲೇ ನಿಂತೆ. ಬೇರೆಯವರಿಗೆ ಸೋಂಪಿನ ವಾಸನೆಯಿಂದ ಹೋಟೆಲು, ಮದುವೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ರಬ್ಬರ್ ಹುಳು. ಗೇಣುದ್ದದ, ನೇರಳೆ ಹಣ್ಣಿನ ಬಣ್ಣದ, ಬೆರಳಲ್ಲಿ ಹಿಡಿದರೆ ತುಳುಕಾಡುವ ಹುಳು. ಇಲ್ಲಿನ ಕೆರೆಗಳಲ್ಲಿ ಬಾಸ್ ಮೀನು ಹಿಡಿಯುವವರು ಗಾಳಕ್ಕೆ ಸಿಕ್ಕಿಸುವುದು ಅದನ್ನು. ಮನುಷ್ಯರ ಕೈವಾಸನೆ ಮೀನಿಗೆ ತಿಳಿಯದಿರಲಿ ಎಂದು ತಯಾರಿಸುವಾಗಲೇ ಅದಕ್ಕೆ ಉಪ್ಪು, ಸೋಂಪಿನ ಎಣ್ಣೆ ಸೇರಿಸಿರುತ್ತಾರೆ. ಶನಿವಾರ ಹುಳು ಮುಟ್ಟಿದ ಕೈಯಿಂದ ಭಾನುವಾರವೂ ಆ ವಾಸನೆ ಹೋಗುತ್ತಿರಲಿಲ್ಲ. ನಮ್ಮತ್ತೆ ಮೂಗು ಅರಳಿಸಿ, "ಹೋಟೆಲಿಗೆ ಹೋಗಿದ್ಯೇನೇ?" ಎಂದು ಕೇಳುತ್ತಿದ್ದರು.

ಇದು ಹೋದ ತಿಂಗಳು, ಆಸ್ಟಿನ್‌ನಲ್ಲಿ. ಅಂಕಲ್ ತೀರಿಕೊಂಡು ಹದಿಮೂರು ದಿನವಾಗಿತ್ತು. ಅವರ ಮಗಳ ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟ. ಡಾಲಸ್ ಪಕ್ಕದ ನಮ್ಮೂರು ಫ್ಲವರ್ ಮೌಂಡ್‌ನಿಂದ ಮೂರೂವರೆ ಗಂಟೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಕೋಸಂಬರಿಯ ಟ್ರೇ ಕೈಯಲ್ಲಿದ್ದದ್ದರಿಂದ ಗರಾಜ್ ಬಾಗಿಲಿನಿಂದ ಸೀದಾ ಅಡುಗೆಮನೆಗೆ ಹೋಗಿಬಿಟ್ಟೆ. ಮುಂದಿನ ಹಾಲಿನಲ್ಲಿ ಹಾರ ಹಾಕಿ ಇಟ್ಟಿದ್ದ ಫೋಟೋವನ್ನು ನಾನಿನ್ನೂ ನೋಡಿರಲಿಲ್ಲ.

ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆ ಮೀನು ಹಿಡಿದದ್ದು ನಾನು. ಇಷ್ಟೇ ಮಾತು. ಸತ್ತವರ ಮನೆಗೆ ಇಂಥದ್ದನ್ನು ಹೇಳಲು ಯಾರಾದರೂ ಹೋಗುತ್ತಾರೆಯೇ ಎಂದರೆ, ಹೋಗುತ್ತಾರೆ, ನಾನು ಹೋಗಿದ್ದೆ. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅದು. ಅತ್ತೆ ಈಗ ಮೈಸೂರಿಗೆ ವಾಪಸು ಹೋಗಿದ್ದಾರೆ, ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲ. ನಾಲ್ಕು ಜನ ಕನ್ನಡದವರು ಸೇರಿರುತ್ತಾರೆ, ಅವರ ಎದುರಿಗೇ ಹೇಳಿಬಿಡಬೇಕು ಎಂದುಕೊಂಡಿದ್ದೆ.

ಅಂಕಲ್ ನಮ್ಮ ಪಕ್ಕದ ಮನೆಯವರು. ಧಾರವಾಡದ ಕಡೆಯವರು. ಮಿನೆಸೋಟಾದಲ್ಲಿ ಇಪ್ಪತ್ತೈದು ವರ್ಷ ಎಂಜಿನಿಯರ್ ಆಗಿದ್ದು, ಆಂಟಿ ಹೋದ ಮೇಲೆ ಚಳಿ ಸಾಕೆಂದು ಟೆಕ್ಸಾಸ್‌ಗೆ ಬಂದು ನೆಲೆಸಿದ್ದರು. ಅವರ ಡ್ರೈವ್‌ವೇಯಲ್ಲಿ ಟ್ರೇಲರ್ ಮೇಲೆ ಒಂದು ಪುಟ್ಟ ಅಲ್ಯೂಮಿನಿಯಂ ದೋಣಿ ಇರುತ್ತಿತ್ತು. ಸಂಜೆ ಹೊತ್ತು ಅದರ ಪಕ್ಕ ನಿಂತು ಗಾಳದ ರಾಡಿನ ದಾರಕ್ಕೆ ಸೀಸದ ಗುಂಡು ಕಟ್ಟಿ ಮೂವತ್ತು ಅಡಿ ದೂರದ ಬಕೆಟ್ಟಿನೊಳಗೆ ಎಸೆಯುವ ಅಭ್ಯಾಸ ಮಾಡುತ್ತಿದ್ದರು. ಒಂದು ದಿನ ಕಸದ ಡಬ್ಬಿ ಹೊರಗಿಡಲು ಹೋದವಳು ನಿಂತು ನೋಡಿದೆ. "ಒಗದು ನೋಡ್ತೀಯೇನು ತಂಗಿ?" ಎಂದು ರಾಡ್ ಕೊಟ್ಟರು. ಎರಡನೆಯ ಸಲಕ್ಕೇ ಗುಂಡು ಟಣ್ ಎಂದು ಬಕೆಟ್ಟಿನೊಳಗೆ ಬಿತ್ತು. ಅಂಕಲ್ ನನ್ನ ಕೈಯನ್ನೇ ನೋಡಿದರು. "ಕೈ ಅದ ನಿನಗ" ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಅಂಥ ಒಂದು ಮಾತು ಆಡಿರಲಿಲ್ಲ. ಇದನ್ನೂ ಹೇಳಬೇಕು, ಸಿಟ್ಟಿನಲ್ಲಿ ಇದನ್ನು ಮರೆಮಾಚಿದರೆ ತಪ್ಪಾಗುತ್ತದೆ.

ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಕೆರೆ. ಕೆರೆ ಎನ್ನುವುದು ನಾನು. ಆಚೆ ದಡ ಮಸುಕಾಗಿ ಕಾಣುವಷ್ಟು ದೊಡ್ಡ ಜಲಾಶಯ ಅದು. ಅವರು ಕಲಿಸಿದ್ದು ಟೆಕ್ಸಾಸ್ ರಿಗ್ ಎನ್ನುವ ಕಟ್ಟು. ದಾರಕ್ಕೆ ಮೊದಲು ಮೊನಚು ಗುಂಡು ಪೋಣಿಸಬೇಕು, ಆಮೇಲೆ ಗಾಳ ಕಟ್ಟಬೇಕು. ಗಂಟನ್ನು ಬಿಗಿಯುವ ಮೊದಲು ಎಂಜಲು ಹಚ್ಚಬೇಕು, ಒಣ ಗಂಟು ಬಿಸಿಯಾಗಿ ದಾರ ಸುಡುತ್ತದೆ. ಹುಳುವನ್ನು ನೆಟ್ಟಗೆ ಸಿಕ್ಕಿಸಿ, ಗಾಳದ ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಅಡಗಿಸಬೇಕು. ಆಗ ಅದು ನೀರಿನಡಿಯ ಕಸಕಡ್ಡಿಗೆ ಸಿಗುವುದಿಲ್ಲ, ಮೀನು ಕಚ್ಚಿ ನಾವು ಜೋರಾಗಿ ಎಳೆದಾಗ ಮಾತ್ರ ಮೊನೆ ಹೊರಗೆ ಬರುತ್ತದೆ. ಮೊನೆ ಒಳಗಿಟ್ಟುಕೊಂಡು ಕಾಯುವುದನ್ನು ನಾನು ಅವರಿಂದಲೇ ಕಲಿತೆ, ಚೆನ್ನಾಗಿಯೇ ಕಲಿತೆ.

ಎಲ್ಲಕ್ಕಿಂತ ದೊಡ್ಡ ಪಾಠ ಬೆರಳಿನದು. ಎಸೆದ ಹುಳು ತಳ ಮುಟ್ಟಿದ ಮೇಲೆ ರಾಡಿನ ತುದಿಯನ್ನು ನಿಧಾನ ಎತ್ತುತ್ತಾ, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ಕೆಳಗೆ ಏನಿದೆ ಎಂದು ಹೇಳಬೇಕು. ನನ್ನ ಕಣ್ಣು ಮುಚ್ಚಿಸಿ ಕೇಳುತ್ತಿದ್ದರು. "ಈಗ?" ಕಲ್ಲು ಅಂಕಲ್. "ಈಗ?" ಕೆಸರು. "ಈಗ?" ಕೊಂಬೆ, ಹತ್ತುತ್ತಾ ಇದೆ, ಹತ್ತಿತು, ಇಳೀತು. ಮಿನೆಸೋಟಾದ ವಾಲೈ ಮೀನಿನ ಕಥೆ ನೂರು ಸಲ ಹೇಳಿರಬೇಕು. ವಾಲೈ ಕಚ್ಚುವುದೇ ಗೊತ್ತಾಗುವುದಿಲ್ಲವಂತೆ, ದಾರದ ತುದಿಗೆ ಒಂದು ಒದ್ದೆ ಎಲೆ ಅಂಟಿಕೊಂಡಷ್ಟು ಭಾರವಂತೆ. "ಅದನ್ನ ಹಿಡದ ಬೆರಳು ಇವು" ಎಂದು ಎರಡು ಬೆರಳು ಎತ್ತಿ ತೋರಿಸುತ್ತಿದ್ದರು. ಮೀನು ತೋರಿಸುವ ಮಶೀನನ್ನು ದೋಣಿಗೆ ಹಾಕಿಸಲು ಅವರು ಕೊನೆಯವರೆಗೂ ಒಪ್ಪಲಿಲ್ಲ. ಟೀವಿ ನೋಡಬೇಕಾದರೆ ಮನೆಯಲ್ಲೇ ಕೂಡಬಹುದಲ್ಲ ಎನ್ನುತ್ತಿದ್ದರು.

ನಾವಿಬ್ಬರೂ ಸಸ್ಯಾಹಾರಿಗಳು. ಹಿಡಿದ ಮೀನನ್ನು ಅಲ್ಲೇ ನೀರಿಗೆ ಬಿಡುತ್ತಿದ್ದೆವು. ಆದರೂ ನಮ್ಮತ್ತೆಗೆ ಇದು ಅರ್ಥವಾಗುವ ವಿಷಯವಲ್ಲ. ಮಡಿಯಲ್ಲಿ ಅಡುಗೆ ಮಾಡುವವರು, ಮನೆಗೆ ಮೊಟ್ಟೆ ಹಾಕಿದ ಕೇಕ್ ತಂದರೆ ಆ ತಟ್ಟೆಯನ್ನೇ ಬೇರೆ ಇಡುವವರು. ಅದಕ್ಕೇ ಮೊದಲ ವಾರವೇ ನಾನೊಂದು ಸುಳ್ಳು ಹೇಳಿದ್ದೆ. ಮೀನು ಹಿಡಿಯುವುದು ಅಂಕಲ್, ಅವರಿಗೆ ಬೆನ್ನುನೋವು, ದೋಣಿ ಇಳಿಸಲು ಹತ್ತಿಸಲು ಜೊತೆಗೊಬ್ಬರು ಬೇಕು, ನಾನು ಸುಮ್ಮನೆ ಕೂತು ಗಾಳಿ ಕುಡಿದು ಬರುತ್ತೇನೆ ಎಂದು. ಅಂಕಲ್‌ಗೆ ಇದು ಗೊತ್ತಿತ್ತು. ಅವರು ಗಂಡಸರು, ರಿಟೈರ್ ಆದವರು. ಅವರು ಮೀನು ಹಿಡಿದರೆ ಹವ್ಯಾಸ, ನಾನು ಹಿಡಿದರೆ ಮನೆಯಲ್ಲಿ ರಾಮಾಯಣ.

ಜನವರಿ ಬಂದರೆ ನಮಗೊಂದು ಕೆಲಸವಿರುತ್ತಿತ್ತು. ಹಬ್ಬ ಮುಗಿಸಿ ಜನ ರಸ್ತೆಬದಿಗೆ ಎಸೆದ ಕ್ರಿಸ್‌ಮಸ್ ಮರಗಳನ್ನು ಟ್ರೇಲರಿಗೆ ಹಾಕಿಕೊಂಡು, ಬುಡಕ್ಕೆ ಎರಡೆರಡು ಕಾಂಕ್ರೀಟ್ ಇಟ್ಟಿಗೆ ಕಟ್ಟಿ ಕೆರೆಯಲ್ಲಿ ಮುಳುಗಿಸುವುದು. ಕೆರೆ ನೋಡಿಕೊಳ್ಳುವವರ ಅನುಮತಿಯನ್ನು ಅಂಕಲ್ ತೆಗೆದುಕೊಂಡಿದ್ದರು. ಮುಳುಗಿದ ಮರದ ಕೊಂಬೆಗಳಿಗೆ ಪಾಚಿ ಹತ್ತುತ್ತದೆ, ಪಾಚಿಗೆ ಸಣ್ಣ ಮೀನು ಬರುತ್ತದೆ, ಸಣ್ಣ ಮೀನಿಗೆ ದೊಡ್ಡ ಬಾಸ್ ಬಂದು ಕೂರುತ್ತದೆ. ಹೀಗೆ ಐದು ಮರಗಳನ್ನು ಒಂದು ಮೂಲೆಯಲ್ಲಿ ಮುಳುಗಿಸಿದ್ದೆವು. ಆ ಜಾಗ ನಮ್ಮಿಬ್ಬರಿಗೆ ಮಾತ್ರ ಗೊತ್ತು. ದಡದ ಒಂಟಿ ಓಕ್ ಮರದ ನೇರಕ್ಕೆ ಊರಿನ ನೀರಿನ ಟ್ಯಾಂಕ್ ಬರಬೇಕು, ಎಡಗಡೆ ಬಿಳಿ ಗೇಟಿನ ನೇರಕ್ಕೆ ಕರೆಂಟ್ ಕಂಬ. ಎರಡು ಗೆರೆ ಕೂಡುವಲ್ಲಿ ದೋಣಿ ನಿಲ್ಲಿಸಿದರೆ ಕೆಳಗೆ ನಮ್ಮ ಮರಗಳು.

ಮೂರನೆಯ ವರ್ಷದ ಮಾರ್ಚ್ ತಿಂಗಳು. ಬಾಸ್ ಮೊಟ್ಟೆಯಿಡುವ ಮುಂಚಿನ ದಿನಗಳು, ಹೆಣ್ಣು ಮೀನು ಹೊಟ್ಟೆ ತುಂಬಿಕೊಂಡು ಭಾರವಾಗಿರುತ್ತದೆ. ಅವತ್ತು ಅಂಕಲ್‌ಗೆ ಒಂದೂ ಕಚ್ಚಿರಲಿಲ್ಲ. ನಾನು ಹುಳುವನ್ನು ಕೊಂಬೆಯ ಮೇಲೆ ಹತ್ತಿಸಿ, ಎಳೆಯದೆ, ಅಲ್ಲೇ ನಿಲ್ಲಿಸಿ ಸುಮ್ಮನೆ ನಡುಗಿಸಿದೆ. ಇದನ್ನು ಅಂಕಲ್ ಕಲಿಸಿರಲಿಲ್ಲ, ನನಗೇ ಹೊಳೆದದ್ದು. ಐದಾರು ಸಲ ನಡುಗಿಸಿರಬೇಕು... ಬೆರಳಿಗೆ ಟಕ್ ಎಂದು ಬಡಿಯಿತು. ದಾರ ನಿಧಾನ ಪಕ್ಕಕ್ಕೆ ಸರಿಯಿತು. ಸಡಿಲ ದಾರ ಸುತ್ತಿಕೊಂಡು ಎರಡೂ ಕೈಯಿಂದ ಎಳೆದೆ. ಆ ಭಾರವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ರಾಡ್ ಬಿಲ್ಲಿನ ಹಾಗೆ ಬಗ್ಗಿತು, ದೋಣಿಯ ಮೂತಿಯೇ ತಿರುಗಿತು. ಮೀನು ಒಮ್ಮೆ ಮೇಲೆದ್ದು ಬಾಯಿ ತೆರೆದು ತಲೆ ಕೊಡವಿತು, ಆ ಬಾಯಲ್ಲಿ ಒಂದು ಚೊಂಬು ಹಿಡಿಸುತ್ತಿತ್ತು. ಅಂಕಲ್ ಬಲೆ ಹಿಡಿದು ನಿಂತಿದ್ದರು. ಹೌದು, ಬಲೆ ಹಿಡಿದಿದ್ದವರು ಅವರು.

ತೂಗಿದೆವು. ಒಂಬತ್ತು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಅಂಕಲ್ ಆ ಕೆರೆಯಲ್ಲಿ ಆರೂವರೆ ದಾಟಿರಲಿಲ್ಲ. ಬೇಗ ನೀರಿಗೆ ಬಿಡಬೇಕು, ಒಂದು ಫೋಟೋ ಬೇಕು. ಅಲ್ಲಿ ನಾನು ತಪ್ಪು ಮಾಡಿದೆ. ನನ್ನ ಫೋನಿನಲ್ಲಿ ತೆಗೆದದ್ದೆಲ್ಲ ಮನೆಯ ಟೀವಿಯಲ್ಲಿ ತಾನಾಗಿ ಬರುತ್ತಿತ್ತು. ಅತ್ತೆ ಮಧ್ಯಾಹ್ನ ಸೋಫಾದಲ್ಲಿ ಕೂತು ಮೊಮ್ಮಕ್ಕಳ ಫೋಟೋ ನೋಡುವುದು ಅದರಲ್ಲೇ. ಸೊಸೆ ಎರಡೂ ಕೈಯಲ್ಲಿ ಇಷ್ಟು ದೊಡ್ಡ ಮೀನು ಎತ್ತಿಕೊಂಡು ನಗುತ್ತಿರುವುದು ಆ ಟೀವಿಯಲ್ಲಿ ಬಂದರೆ ಗತಿಯೇನು? "ನೀವೇ ಹಿಡ್ಕೊಳಿ ಅಂಕಲ್, ನಾನು ತೆಗೀತೀನಿ" ಎಂದೆ. ಅವರು ಮೀನಿನ ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತಿಕೊಂಡರು, ನಾನು ತೆಗೆದೆ, ಅವರಿಗೂ ಕಳಿಸಿದೆ. ಆಮೇಲೆ ನೀರಿನಲ್ಲಿ ಅದನ್ನು ಹಿಡಿದುಕೊಂಡು ಉಸಿರು ಬರುವವರೆಗೆ ಕಾದವಳು ನಾನು. ಬಾಲ ಬೀಸಿ ನನ್ನ ಮುಖಕ್ಕೆ ನೀರು ಎರಚಿ ಹೋಯಿತು.

ಎರಡು ವಾರಕ್ಕೆ ಯುಗಾದಿ. ಡಾಲಸ್‌ನಲ್ಲಿ ಕನ್ನಡದವರೆಲ್ಲ ಸೇರಿ ಹಬ್ಬದ ಊಟ ಇಟ್ಟುಕೊಂಡಿದ್ದರು. ಹೋಳಿಗೆ ಬಡಿಸುತ್ತಿದ್ದ ನನಗೆ ಹಿಂದಿನ ಟೇಬಲಿನಿಂದ ಅಂಕಲ್ ಧ್ವನಿ ಕೇಳಿತು. ಫೋನ್ ಕೈಯಿಂದ ಕೈಗೆ ಹೋಗುತ್ತಿತ್ತು. ಕೊಂಬೆಯ ಮೇಲೆ ನಿಲ್ಲಿಸಿ ಹುಳು ನಡುಗಿಸಿದ್ದನ್ನು, ದಾರ ಪಕ್ಕಕ್ಕೆ ಸರಿದದ್ದನ್ನು, ದೋಣಿ ತಿರುಗಿದ್ದನ್ನು ಒಂದನ್ನೂ ಬಿಡದೆ ಹೇಳುತ್ತಿದ್ದರು. ಎಲ್ಲ ನಿಜ, ಮಾಡಿದವರು ಮಾತ್ರ ಬೇರೆ. ನನ್ನನ್ನು ಕಂಡೊಡನೆ ನಗುತ್ತಾ, "ಇಕಿನೂ ಇದ್ಲು. ಬಲಿ ಹಿಡಕೊಂಡು ಕುಂತಿದ್ಲು ಪಾಪ, ಅಂಜಿ ನಡಗಲಿಕ್ಕೆ ಹತ್ತಿದ್ಲು" ಎಂದರು. ಟೇಬಲಿಗೆ ಟೇಬಲೇ ನಕ್ಕಿತು. ಅದೇ ಟೇಬಲಿನ ತುದಿಯಲ್ಲಿ ನಮ್ಮತ್ತೆ ಕೂತಿದ್ದರು. "ಇವಳು ಹಂಗೇ ಅಂಕಲ್, ಜಿರಲೆ ಕಂಡ್ರೂ ಮಂಚ ಹತ್ತುತ್ತಾಳೆ" ಎಂದು ನನ್ನ ಗಂಡ ಸೇರಿಸಿದರು. ಹಿಡಿದದ್ದು ನಾನೆಂದು ಗಂಡನಿಗೂ ಗೊತ್ತಿತ್ತು. ನಾನು ಹೋಳಿಗೆ ಪಾತ್ರೆ ಹಿಡಿದುಕೊಂಡು ಮುಂದಿನ ಎಲೆಗೆ ಹೋದೆ.

ಕಾರಿನಲ್ಲಿ ಬರುವಾಗ ಗಂಡನನ್ನು ತರಾಟೆಗೆ ತೆಗೆದುಕೊಂಡೆ. ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆಹೋಗಿದ್ದರು. "ನಿನ್ನನ್ನ ಕಾಪಾಡೋಕೆ ಹಾಗಂದಿರಬೇಕು ಕಣೇ, ಅಮ್ಮ ಇದ್ರಲ್ಲ" ಎಂದರು. ನನ್ನನ್ನು ಕಾಪಾಡಬೇಕಾದರೆ ಆ ಮೀನಿನ ಕಥೆಯನ್ನೇ ಎತ್ತದೆ ಇರಬಹುದಿತ್ತು. ಅಂಜಿ ನಡುಗುತ್ತಿದ್ದಳು ಎಂದು ಹೇಳಬೇಕಾಗಿರಲಿಲ್ಲ. ಇಷ್ಟಾದರೂ ನಾನು ಒಂದು ತಿಂಗಳು ಕಾದೆ. ಮುಂದಿನ ಶನಿವಾರ ದೋಣಿಯಲ್ಲಾದರೂ ಒಂದು ಮಾತು ಬರಬಹುದು, ತಪ್ಪಾಯಿತು ತಂಗಿ ಎನ್ನಬಹುದು ಎಂದು. ಬರಲಿಲ್ಲ. ಬದಲಿಗೆ ಮೇ ತಿಂಗಳಲ್ಲಿ ಒಂದು ದಿನ, ಹೂಸ್ಟನ್‌ನಿಂದ ತಮ್ಮ ಹಳೆಯ ಸ್ನೇಹಿತರೊಬ್ಬರು ಬರುತ್ತಾರೆ ಎಂದರು. ಕ್ಲಿಯರ್ ಲೇಕ್‌ನಲ್ಲಿ ನಾಸಾದ ರಾಕೆಟ್ ಕೆಲಸ ಮಾಡಿ ರಿಟೈರ್ ಆದವರಂತೆ. ದೊಡ್ಡ ಮೀನು ಹಿಡಿದ ಜಾಗ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದರು. ನಾನು ಬೆನ್ನು ಬಗ್ಗಿಸಿ ಇಟ್ಟಿಗೆ ಕಟ್ಟಿದ ಜಾಗ ಅದು. ಹೂಸ್ಟನ್‌ನಲ್ಲಿ ನಮ್ಮತ್ತೆ ಎಲ್ಲಿದ್ದರು? ಅಲ್ಲಿ ಯಾರಿಂದ ನನ್ನನ್ನು ಕಾಪಾಡುತ್ತಿದ್ದರು?

ಅವರು ಬರುವ ಮುಂಚಿನ ಎರಡು ವಾರ ಅಂಕಲ್ ಆಸ್ಟಿನ್‌ಗೆ ಹೋದರು. ಅಳಿಯನಿಗೆ ಅಲ್ಲೇ ಪಕ್ಕದ ಊರು ಟೇಲರ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸವಾಗಿ ಮಗಳು ಮನೆ ಶಿಫ್ಟ್ ಮಾಡುತ್ತಿದ್ದಳು. ಹೋಗುವಾಗ ದೋಣಿಯ ಕೀ ನನ್ನ ಕೈಗೇ ಕೊಟ್ಟರು. ಬ್ಯಾಟರಿ ಚಾರ್ಜ್ ಇಳಿಯದ ಹಾಗೆ ನೋಡಿಕೋ ಎಂದರು.

ನೋಡಿಕೊಂಡೆ. ಶನಿವಾರ ಬೆಳಿಗ್ಗೆ ದೋಣಿ ಇಳಿಸಿ, ಓಕ್ ಮರಕ್ಕೂ ಟ್ಯಾಂಕಿಗೂ ಗೆರೆ ಹಿಡಿದು ನಿಂತೆ. ಉದ್ದ ಹಗ್ಗಕ್ಕೆ ಲಂಗರು ಕಟ್ಟಿ ಕೆಳಗೆ ಬಿಟ್ಟು, ಕೊಂಬೆ ಸಿಕ್ಕಿದೊಡನೆ ಮರವನ್ನು ತಳದಿಂದ ಎರಡು ಅಡಿ ಎತ್ತಿ, ಹಗ್ಗವನ್ನು ದೋಣಿಗೆ ಬಿಗಿದು, ಮೋಟರ್ ಹಾಕಿ ಎಳೆದುಕೊಂಡು ಹೋದೆ. ಮೂಲೆಯ ಆಚೆ ಬದಿಗೆ, ನೂರೈವತ್ತು ಅಡಿ ದೂರ. ಒಂದೊಂದು ಮರಕ್ಕೂ ಒಂದು ಗಂಟೆ. ಆ ಶನಿವಾರ ಎರಡು, ಮುಂದಿನ ಶನಿವಾರ ಮೂರು. ಅಂಗೈಯ ಸಿಪ್ಪೆ ಕಿತ್ತುಹೋಗಿತ್ತು. ಅತ್ತೆ ಅರಿಸಿನ ಹಚ್ಚುತ್ತಾ, "ಆ ಮನುಷ್ಯ ನಿನ್ನ ಕೈಲಿ ಇಷ್ಟೊಂದು ಕೆಲ್ಸ ಮಾಡಿಸ್ಕೋಬಾರ್ದಪ್ಪ" ಎಂದರು. ನನಗೆ ನಗು ಬಂತು. ಐದನೆಯ ಮರ ಇಳಿಸಿದಾಗ ಆದ ತೃಪ್ತಿ ಮೀನು ಹಿಡಿದಾಗಲೂ ಆಗಿರಲಿಲ್ಲ.

ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಸ್ನೇಹಿತರ ಮುಂದೆ ಅಂಕಲ್‌ಗೆ ಒಂದೂ ಮೀನು ಸಿಗಬಾರದು, ಮರ್ಯಾದೆ ಹೋಗಬೇಕು. ಸಂಜೆ ದೋಣಿ ಕಟ್ಟುವಾಗ ಅವರೊಬ್ಬರನ್ನೇ ಕರೆದು, ನನ್ನ ಮೀನು ನಿಮ್ಮದಾದ ಹಾಗೆ ನಿಮ್ಮ ಮರ ನನ್ನದಾಯಿತು ಎಂದು ಹೇಳಬೇಕು. ಜಗಳವಾಡಬೇಕು. ಆಮೇಲೆ ಬೇಕಾದರೆ ಇಬ್ಬರೂ ಸೇರಿ ಮರ ವಾಪಸು ಎಳೆಯಬಹುದು ಎಂದೂ ಮನಸ್ಸಿನ ಮೂಲೆಯಲ್ಲಿತ್ತು...

ಕ್ಲಿಯರ್ ಲೇಕ್‌ನವರು ಹೊಸ ಟೋಪಿ ಹಾಕಿಕೊಂಡು ದೋಣಿಯ ನಡುವೆ ಕೂತಿದ್ದರು, ದಾರ ಸುತ್ತುವ ರೀಲನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದರು. ಅಂಕಲ್ ಗೆರೆ ನೋಡಿ ದೋಣಿ ನಿಲ್ಲಿಸಿ, ಮೂರು ಸಲ ಎಸೆದರು. ನಾಲ್ಕನೆಯ ಸಲ ಎಸೆದು, ರಾಡಿನ ತುದಿ ಎತ್ತುತ್ತಾ ಹುಬ್ಬು ಗಂಟಿಕ್ಕಿದರು.

"ಯಾಕೋ ಕೊಂಬಿ ಹತ್ತವಲ್ದಲ್ಲ. ಬರೇ ಕೆಸರು" ಎಂದರು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ಹುಳುವೂ ಅದೇ ಕೆಸರಿನಲ್ಲಿತ್ತು. ಬಾಯಿಯಿಂದ ತಾನಾಗಿ ಬಂತು. "ಕೆಸರಾ? ನಂಗೆ ಕೊಂಬೆ ಸಿಗ್ತಾ ಇದೆಯಲ್ಲ ಅಂಕಲ್."

"ಸಿಗಲಿಕ್ಕೆ ಹತ್ತೇದ?"

"ಹ್ಞೂಂ. ಈಗಷ್ಟೇ ಒಂದು ಹತ್ತಿ ಇಳೀತು." ರಾಡಿನ ತುದಿಯನ್ನು ಬೇಕೆಂದೇ ಒಮ್ಮೆ ಬಗ್ಗಿಸಿ ಬಿಟ್ಟೆ.

ಅವರು ನನ್ನ ರಾಡಿನ ತುದಿ ನೋಡಿದರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು. ಮತ್ತೆ ಎಸೆದು ಕಣ್ಣು ಮುಚ್ಚಿ ಕೂತರು. ಹತ್ತು ನಿಮಿಷಕ್ಕೆ ನನ್ನ ಗ್ರಹಚಾರಕ್ಕೋ ಅವರ ಗ್ರಹಚಾರಕ್ಕೋ ದಾರಿ ತಪ್ಪಿದ ಒಂದು ಸಣ್ಣ ಬಾಸ್ ನನ್ನ ಹುಳುವನ್ನೇ ಕಚ್ಚಿತು. ಆ ಬಡಪಾಯಿ ಮೀನು ನನ್ನ ಸುಳ್ಳಿಗೆ ಸಾಕ್ಷಿ ಹೇಳಿಬಿಟ್ಟಿತು. "ನಿಮ್ ಶಿಷ್ಯೆ ನಿಮ್ಮನ್ನೇ ಮೀರಿಸಿದ್ರಲ್ರೀ" ಎಂದರು ಕ್ಲಿಯರ್ ಲೇಕ್‌ನವರು. ಅಂಕಲ್ ನಕ್ಕರು. ಸಂಜೆ ದೋಣಿ ಕಟ್ಟುವಾಗ ನಾನು ಏನೂ ಹೇಳಲಿಲ್ಲ. ಇದು ಮರ ಕದ್ದದ್ದಕ್ಕಿಂತ ರುಚಿಯಾಗಿತ್ತು.

ಆ ಬೇಸಿಗೆಯುದ್ದಕ್ಕೂ ಹೀಗೇ ನಡೆಯಿತು. ಅಂಕಲ್ ಗುಂಡಿನ ತೂಕ ಬದಲಾಯಿಸಿದರು, ತೆಳು ದಾರ ಹಾಕಿದರು, ಇನ್ನೂ ಸೂಕ್ಷ್ಮವಾದ ಹೊಸ ರಾಡ್ ತಂದರು. ಪ್ರತಿ ಸಲವೂ ಕೇಳುತ್ತಿದ್ದರು, "ನಿನಗ ಸಿಗತದ?" ಪ್ರತಿ ಸಲವೂ ಹ್ಞೂಂ ಎನ್ನುತ್ತಿದ್ದೆ. ನೀರಿನಿಂದ ಹೊರಗೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ದೋಣಿಯ ಅಂಚು, ಅಂಗಿಯ ಗುಂಡಿ, ಹುಳುವಿನ ಬಾಲ, ಎಲ್ಲವನ್ನೂ ಎರಡು ಬೆರಳ ನಡುವೆ ಉಜ್ಜಿ ಉಜ್ಜಿ ನೋಡುತ್ತಿದ್ದರು. ಅದನ್ನು ನೋಡಿದಾಗ ನನಗೆ ಖುಷಿಯಾಗುತ್ತಿತ್ತು. ಈಗ ಇಲ್ಲವೆಂದು ಹೇಳಿ ಒಳ್ಳೆಯವಳಾಗುವುದಿಲ್ಲ. ಹೋಳಿಗೆ ಪಾತ್ರೆ ಹಿಡಿದು ನಿಂತಿದ್ದ ನನ್ನ ಮುಖ ನೆನಪಿಸಿಕೊಂಡು ಖುಷಿಪಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ದೋಣಿ ಮಾರಿದರು. ಮನೆಯನ್ನೂ ಮಾರಿ ಆಸ್ಟಿನ್‌ಗೆ, ಮಗಳ ಮನೆಗೆ ಹೊರಟರು. ಹೋಗುವ ಹಿಂದಿನ ದಿನ ಸಂಜೆ, ಅದೇ ಡ್ರೈವ್‌ವೇಯಲ್ಲಿ ನಿಂತು, "ಬೆರಳಿಗೆ ಗೊತ್ತಾಗೂದು ಹೋಗ್ಯದ ತಂಗಿ. ಸಕ್ಕರಿ ಬ್ಯಾನಿ ಇದ್ದವರಿಗೆ ಹಿಂಗ ಆಗತದಂತ" ಎಂದರು. ಅವರ ಮುಖ ಇಳಿದುಹೋಗಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ, ದೇವರಾಣೆಗೂ ತೆರೆದೆ. ಅಷ್ಟರಲ್ಲಿ ಅವರು ತಮ್ಮ ಹಳೆಯ ರಾಡ್ ತಂದು ನನ್ನ ಕೈಗಿಟ್ಟು ಹೇಳಿದರು, "ಇದನ್ನ ನೀ ಇಟ್ಕೊ. ನಾ ಆ ದೊಡ್ಡ ಮೀನ ಹಿಡದದ್ದು ಇದರಾಗ."

ಅಲ್ಲಿ ನಾವಿಬ್ಬರೇ ಇದ್ದೆವು. ನಮ್ಮತ್ತೆ ಇರಲಿಲ್ಲ, ಟೇಬಲಿನ ತುಂಬ ಜನ ಇರಲಿಲ್ಲ. ಆ ಮೀನು ಹಿಡಿದ ರಾಡ್ ನನ್ನ ಗರಾಜಿನಲ್ಲಿ, ನನ್ನ ತಲೆಗೂದಲಿನ ರಬ್ಬರ್‌ಬ್ಯಾಂಡ್ ಸುತ್ತಿಕೊಂಡು ನಿಂತಿತ್ತು. ಇವರಿಗೆ ರಾಡ್ ಕೂಡ ನೆನಪಿರಲಿಲ್ಲ. ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ದರು. ತೆರೆದ ಬಾಯಿಯನ್ನು ಮುಚ್ಚಿಕೊಂಡೆ. "ಥ್ಯಾಂಕ್ಸ್ ಅಂಕಲ್" ಎಂದೆ.

ಆಮೇಲೆ ಹಬ್ಬಕ್ಕೊಮ್ಮೆ ಫೋನು. ಪ್ರತಿ ಸಲ ಕೊನೆಗೆ ಕೇಳುತ್ತಿದ್ದರು, "ನಮ್ಮ ಗಿಡದ ಕೊಂಬಿ ಇನ್ನೂ ಅವ ಏನು?" "ಇವೆ ಅಂಕಲ್" ಎನ್ನುತ್ತಿದ್ದೆ. ಎಲ್ಲಿವೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೇ ವರ್ಷಗಳು ಹೋದವು...

ಸೋಂಪನ್ನು ಅಂಗೈಯಲ್ಲೇ ಹಿಡಿದುಕೊಂಡು ಹಾಲಿಗೆ ಹೋದೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮೇಜಿನ ಮೇಲೆ ಫೋಟೋ ಇತ್ತು. ಮಲ್ಲಿಗೆ ಹಾರ, ಮುಂದೆ ದೀಪ. ಅದೇ ಫೋಟೋ. ನಾನು ತೆಗೆದದ್ದು. ಮನೆಯವರು ಅದನ್ನು ಎದೆಯವರೆಗೆ ಕತ್ತರಿಸಿ ದೊಡ್ಡದು ಮಾಡಿಸಿದ್ದರು, ಆದರೂ ಕೆಳಗಿನ ಮೂಲೆಯಲ್ಲಿ ಮೀನಿನ ತೆರೆದ ಬಾಯಿ, ಅದರ ದವಡೆಯಲ್ಲಿ ಅವರ ಹೆಬ್ಬೆರಳು ಉಳಿದುಕೊಂಡಿದ್ದವು. ಅವತ್ತು ಸೂರ್ಯ ನನ್ನ ಬೆನ್ನಿಗಿದ್ದ. ಅಂಕಲ್ ಅಂಗಿಯ ಮೇಲೆ ಫೋನ್ ಎತ್ತಿ ಹಿಡಿದ ನನ್ನ ನೆರಳು ಬಿದ್ದಿತ್ತು. ಅದು ಇನ್ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಬಂದವರೆಲ್ಲ ಕೈಮುಗಿದು ಹೋಗುತ್ತಿದ್ದರು. ನನ್ನ ಮೀನಿಗೂ ಅದರಲ್ಲಿ ಪಾಲು ಸಲ್ಲುತ್ತಿತ್ತು.

ಮಗಳು ಪಕ್ಕಕ್ಕೆ ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. "ಈ ಫೋಟೋ ನೀವು ತಗದದ್ದಂತ ಅಲ್ಲ ಅಕ್ಕಾ? ಅಪ್ಪಾಗ ಭಾಳ ಇಷ್ಟ ಇತ್ತು" ಎಂದಳು.

ಬಾಯಿ ತೆರೆದೆ.

"ಕಡೀ ಎರಡು ವರ್ಷ ಅಪ್ಪಾ ಕೈಲೆ ಊಟಾನೇ ಮಾಡ್ಲಿಲ್ಲ" ಎಂದಳು ಅವಳು, ಫೋಟೋ ನೋಡುತ್ತಲೇ. "ಸ್ಪೂನ್ ಬೇಕು ಅಂತಿದ್ರು. ಅನ್ನ ಬಿಸಿ ಅದನೋ ತಣ್ಣಗದನೋ ಬೆರಳಿಗೆ ಗೊತ್ತಾಗೂದಿಲ್ಲ ಅಂತ. ಎಲ್ಲಾ ಟೆಸ್ಟ್ ಮಾಡಿಸಿದ್ವಿ ಅಕ್ಕಾ. ನರ್ವ್ಸ್ ಚೊಲೋನೇ ಅವ, ಏನೂ ಆಗಿಲ್ಲ ಅಂದ್ರು ಡಾಕ್ಟರ್. ಅಪ್ಪಾ ನಂಬಲೇ ಇಲ್ಲ. ನಂಗ ಗೊತ್ತದ, ಕೆರ್‍ಯಾಗ ಪರೀಕ್ಷಾ ಆಗೇದ ಅಂತಿದ್ರು."

ಮೀನು ನನ್ನದು ಎಂದು ಹೇಳಿದರೆ ಮರದ ವಿಷಯವನ್ನೂ ಹೇಳಬೇಕಿತ್ತು. ಒಂದನ್ನು ಮಾತ್ರ ಹೇಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಎರಡನ್ನೂ ಹೇಳುವಷ್ಟು ಧೈರ್ಯವೂ ಇರಲಿಲ್ಲ. "ಹೌದಮ್ಮ, ಫೋಟೋ ನಾನೇ ತೆಗೆದದ್ದು" ಎಂದೆ. ಯಾರೋ ಕರೆದರೆಂದು ಅವಳು ಅಡುಗೆಮನೆಗೆ ಹೋದಳು. ಅಂಗೈಯ ಸೋಂಪು ಬೆವರಿಗೆ ಒದ್ದೆಯಾಗಿತ್ತು. ಅದನ್ನು ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಅಂಕಲ್ ಕೊಟ್ಟ ರಾಡನ್ನು ಮೊದಲ ಸಲ ತೆಗೆದುಕೊಂಡು ಕೆರೆಗೆ ಹೋದೆ. ನಾನು ಎಳೆದಿಟ್ಟ ಮರಗಳಿಗೆ ದಡದಿಂದಲೇ ಎಸೆಯಬಹುದು. ಸಣ್ಣ ಕಡ್ಡಿಗಳೆಲ್ಲ ಕೊಳೆತುಹೋಗಿ ದಪ್ಪ ಕೊಂಬೆಗಳಷ್ಟೇ ಉಳಿದಿವೆ. ಗಂಟಿಗೆ ಎಂಜಲು ಹಚ್ಚಿ ಬಿಗಿದು, ಹುಳುವಿನ ಮೈಯೊಳಗೆ ಮೊನೆ ಅಡಗಿಸಿ ಎಸೆದೆ. ಕಣ್ಣು ಮುಚ್ಚಿದೆ. ಕೆಸರು, ಕೆಸರು, ಆಮೇಲೆ ಕೊಂಬೆ. ಈಗ ಎಂದು ಕೇಳುವವರು ಯಾರೂ ಇರಲಿಲ್ಲ. ನಾನಾಗಿಯೇ ಬಾಯಿ ಬಿಟ್ಟು ಹೇಳಿದೆ. "ಅಲ್ಲಿ ಕೊಂಬೆ ಇರಲಿಲ್ಲ ಅಂಕಲ್. ಬರೀ ಕೆಸರೇ ಇತ್ತು. ನಿಮ್ಮ ಬೆರಳು ಸರಿಯಾಗೇ ಇದ್ವು."

ದಾರ ಸುತ್ತಿಕೊಳ್ಳುತ್ತಾ, ತಡೆಯಲಾಗದೆ, ಇನ್ನೊಂದು ಮಾತನ್ನೂ ಹೇಳಿದೆ. "ಮೀನು ಮಾತ್ರ ನಂದು."